ಕೈಗಡಿಯಾರಗಳ ಜಲನಿರೋಧಕತೆ

ಕೈಗಡಿಯಾರದ ಜಲನಿರೋಧಕತೆ ಎಂದರೆ ಗಡಿಯಾರದ ಕವಚದೊಳಕ್ಕೆ ನೀರು ಮತ್ತು ತೇವಾಂಶ ಪ್ರವೇಶಿಸದಂತೆ ತಡೆಯುವ ಗುಣ. ಡಯಲ್‌ನ ಮೇಲೆ ಅಥವಾ ಹಿಂಬದಿಯ ಮುಚ್ಚಳದ ಮೇಲೆ ಇದನ್ನು ಮೀಟರ್, ಬಾರ್ ಅಥವಾ ಎಟಿಎಂ ಎಂಬ ಅಳತೆಗಳಲ್ಲಿ ನಮೂದಿಸಲಾಗುತ್ತದೆ. ಈ ಸಂಖ್ಯೆಯು ಹೊಸ ಗಡಿಯಾರವೊಂದು ಪ್ರಯೋಗಾಲಯದ ಪರೀಕ್ಷೆಯಲ್ಲಿ ತಡೆದುಕೊಳ್ಳುವ ಒತ್ತಡವನ್ನು ಸೂಚಿಸುತ್ತದೆಯೇ ಹೊರತು, ಅದನ್ನು ಧರಿಸಿದವರು ಇಳಿಯಬಹುದಾದ ಆಳವನ್ನಲ್ಲ. ಬಳಕೆಯಲ್ಲಿರುವ ಗಡಿಯಾರವು ನೀರನ್ನು ತಡೆಯುವುದು ಅದರೊಳಗಿನ ರಬ್ಬರ್ ಉಂಗುರಗಳ ವಯಸ್ಸು, ಕೀಯ ಸ್ಥಿತಿ ಮತ್ತು ಉಷ್ಣತೆಯ ಏರಿಳಿತಗಳನ್ನು ಅವಲಂಬಿಸಿದೆ. ನೀರಿನಲ್ಲಿ ಅದು ಕೈಯಿಂದ ಕಳಚಿ ಬೀಳದಿರುವುದು ಬೆಲ್ಟು ಮತ್ತು ಪಿನ್ನುಗಳನ್ನು ಅವಲಂಬಿಸಿದೆ.

ಕರ್ನಾಟಕದ ಬಳ್ಳಾರಿ ಜಿಲ್ಲೆಯ ಕುರುಗೋಡು ಮತ್ತು ಸಿರುಗುಪ್ಪ ತಾಲ್ಲೂಕುಗಳಂತಹ ನೀರಾವರಿ ಪ್ರದೇಶಗಳಲ್ಲಿ ಗಡಿಯಾರವು ನೀರನ್ನು ಎದುರಿಸುವುದು ಹೆಚ್ಚಾಗಿ ಗದ್ದೆ, ಕಾಲುವೆ, ಬೆವರು ಮತ್ತು ಬೇಸಿಗೆಯ ಬಿಸಿಲಿನ ನಡುವೆ. ಅಲ್ಲಿ ಆಳಕ್ಕಿಂತ ಉಷ್ಣತೆ, ಕೆಸರು ಮತ್ತು ನಿರ್ವಹಣೆಯ ಕೊರತೆಗಳೇ ಗಡಿಯಾರ ಕೆಡಲು ಮುಖ್ಯ ಕಾರಣಗಳಾಗುತ್ತವೆ.

ಪದಬಳಕೆ

ಆಡುಮಾತಿನಲ್ಲಿ ಇಂತಹ ಗಡಿಯಾರಗಳನ್ನು ‘ವಾಟರ್ ಪ್ರೂಫ್ ವಾಚು’ ಎಂದು ಕರೆಯುವುದು ರೂಢಿ. ಅಂತರರಾಷ್ಟ್ರೀಯ ಮಾನದಂಡಗಳು ಬಳಸುವ ಪದ ‘ವಾಟರ್ ರೆಸಿಸ್ಟೆಂಟ್’. ಮೊದಲನೆಯದು ನೀರು ಎಂದಿಗೂ ಒಳಹೋಗದು ಎಂಬ ಅರ್ಥವನ್ನು ಕೊಡುತ್ತದೆ. ಎರಡನೆಯದು ನಿರ್ದಿಷ್ಟ ಒತ್ತಡದವರೆಗೆ, ನಿರ್ದಿಷ್ಟ ಪರಿಸ್ಥಿತಿಯಲ್ಲಿ ನೀರನ್ನು ತಡೆಯುತ್ತದೆ ಎಂದಷ್ಟೇ ಹೇಳುತ್ತದೆ. ಕವಚದ ಕೀಲುಗಳಲ್ಲಿರುವ ರಬ್ಬರ್ ಕಾಲಕ್ರಮೇಣ ಗಟ್ಟಿಯಾಗಿ ಬಿರಿಯುವುದರಿಂದ ಯಾವ ಗಡಿಯಾರದ ಜಲನಿರೋಧಕತೆಯೂ ಶಾಶ್ವತವಲ್ಲ.

ಗಡಿಯಾರದ ಮೇಲೆ ಕಾಣುವ ‘ಎಟಿಎಂ’ ಎಂಬುದು ವಾಯುಮಂಡಲದ ಒತ್ತಡವನ್ನು ಸೂಚಿಸುವ ಅಳತೆ. 1 ಎಟಿಎಂ ಎಂದರೆ 1.01325 ಬಾರ್. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡವು ಸುಮಾರು 1 ಬಾರ್‌ನಷ್ಟು ಹೆಚ್ಚುತ್ತದೆ. ಆದ್ದರಿಂದ 3 ಬಾರ್, 3 ಎಟಿಎಂ ಮತ್ತು 30 ಮೀಟರ್ ಎಂಬ ಮೂರು ಬರಹಗಳೂ ವ್ಯವಹಾರದಲ್ಲಿ ಒಂದೇ ಮಟ್ಟವನ್ನು ಹೇಳುತ್ತವೆ.

ಇತಿಹಾಸ

ಆರಂಭಿಕ ಬೆಳವಣಿಗೆ

ಜೇಬಿನ ಗಡಿಯಾರವು ಬಟ್ಟೆಯೊಳಗೆ ರಕ್ಷಿತವಾಗಿರುತ್ತಿತ್ತು. ಗಡಿಯಾರವು ಮಣಿಕಟ್ಟಿಗೆ ಬಂದಾಗ ಬೆವರು, ಮಳೆ ಮತ್ತು ಧೂಳಿಗೆ ನೇರವಾಗಿ ತೆರೆದುಕೊಂಡಿತು. 1926ರಲ್ಲಿ ರೋಲೆಕ್ಸ್ ಸಂಸ್ಥೆಯು ‘ಆಯ್ಸ್ಟರ್’ ಎಂಬ ಕವಚವನ್ನು ಹೊರತಂದಿತು. ಇದರಲ್ಲಿ ಹಿಂಬದಿಯ ಮುಚ್ಚಳ ಮತ್ತು ಕೀ ಎರಡನ್ನೂ ತಿರುಪಿನಂತೆ ಬಿಗಿಮಾಡುವ ವ್ಯವಸ್ಥೆಯಿತ್ತು. 1927ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಈಜುಗಾರ್ತಿ ಮರ್ಸಿಡಿಸ್ ಗ್ಲೈಟ್ಸ್ ಇಂಗ್ಲಿಷ್ ಕಾಲುವೆಯನ್ನು ಈಜುವ ಪ್ರಯತ್ನದಲ್ಲಿ ಈ ಗಡಿಯಾರವನ್ನು ಕೊರಳಿಗೆ ಕಟ್ಟಿಕೊಂಡಿದ್ದರು. ತಣ್ಣೀರಿನಲ್ಲಿ ಹತ್ತು ಗಂಟೆಗೂ ಹೆಚ್ಚು ಕಾಲ ಈಜಿದರೂ ಆ ಸಲ ಅವರು ದಡ ಮುಟ್ಟಲಾಗಲಿಲ್ಲ. ಗಡಿಯಾರವು ಮಾತ್ರ ನಡೆಯುತ್ತಲೇ ಇತ್ತು. ಸಂಸ್ಥೆಯ ಸ್ಥಾಪಕ ಹಾನ್ಸ್ ವಿಲ್ಸ್‌ಡಾರ್ಫ್ ಈ ಸಂಗತಿಯನ್ನು ಪತ್ರಿಕಾ ಜಾಹೀರಾತಿನಲ್ಲಿ ಬಳಸಿಕೊಂಡರು.

1932ರಲ್ಲಿ ಒಮೆಗಾ ಸಂಸ್ಥೆಯು ಒಂದರೊಳಗೊಂದು ಕೂರುವ ಜೋಡಿ ಕವಚದ ‘ಮರೀನ್’ ಗಡಿಯಾರವನ್ನು ತಂದಿತು. 1953ರಲ್ಲಿ ಬ್ಲಾಂಕ್‌ಪ್ಯಾನ್ ಸಂಸ್ಥೆಯ ‘ಫಿಫ್ಟಿ ಫ್ಯಾದಮ್ಸ್’ ಮುಳುಗುಗಾರರಿಗಾಗಿಯೇ ರೂಪುಗೊಂಡಿತು. 1960ರಲ್ಲಿ ‘ಟ್ರಿಯೆಸ್ಟ್’ ಜಲಾಂತರ ನೌಕೆಯು ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತಳಕ್ಕಿಳಿದಾಗ ಅದರ ಹೊರಮೈಗೆ ಕಟ್ಟಿದ್ದ ರೋಲೆಕ್ಸ್‌ನ ಪ್ರಾಯೋಗಿಕ ಗಡಿಯಾರವು ಕೆಡದೆ ಮೇಲೆ ಬಂದಿತು. 1983ರಲ್ಲಿ ಜಪಾನಿನ ಕ್ಯಾಸಿಯೊ ಸಂಸ್ಥೆಯ ‘ಜಿ-ಶಾಕ್’ 200 ಮೀಟರ್ ದರ್ಜೆಯ ಜಲನಿರೋಧಕತೆಯನ್ನು ರಾಳದ ಕವಚ ಮತ್ತು ಬೆಲ್ಟಿನೊಂದಿಗೆ ಸಾಮಾನ್ಯರ ಕೈಗೆ ತಲುಪಿಸಿತು.

ಕರ್ನಾಟಕದಲ್ಲಿ

ಭಾರತ ಸರ್ಕಾರದ ಎಚ್‌ಎಂಟಿ ಸಂಸ್ಥೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಂದಿಗೆ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಕಾರ್ಖಾನೆಯನ್ನು ಆರಂಭಿಸಿತು. ಸಿಟಿಜನ್ ಸಂಸ್ಥೆಯು ಅದಕ್ಕೆ ಎರಡು ವರ್ಷ ಮೊದಲು, 1959ರಲ್ಲಿ, ‘ಪ್ಯಾರಾವಾಟರ್’ ಎಂಬ ಜಪಾನಿನ ಮೊದಲ ಜಲನಿರೋಧಕ ಗಡಿಯಾರವನ್ನು ತಂದಿತ್ತು. 1963ರಲ್ಲಿ ಅದು ಇಂತಹ ಗಡಿಯಾರಗಳನ್ನು ತೇಲುಬುರುಡೆಗಳಿಗೆ ಕಟ್ಟಿ ಪೆಸಿಫಿಕ್ ಸಾಗರದಲ್ಲಿ ತೇಲಿಬಿಟ್ಟು ಪರೀಕ್ಷಿಸಿತು.

ಎಚ್‌ಎಂಟಿಯ ಕಾರ್ಖಾನೆಯೊಂದು 1978ರಲ್ಲಿ ತುಮಕೂರಿನಲ್ಲಿಯೂ ಸ್ಥಾಪನೆಯಾಯಿತು. ‘ಜನತಾ’, ‘ಪೈಲಟ್’, ‘ಸೋನಾ’, ‘ಕೊಹಿನೂರ್’ ಮುಂತಾದ ಮಾದರಿಗಳು ರಾಜ್ಯದ ಹಳ್ಳಿಗಳಿಗೂ ತಲುಪಿದವು. ಪ್ರತಿದಿನ ಕೀ ಕೊಡಬೇಕಾದ ಮತ್ತು ಅಕ್ರಿಲಿಕ್ ಗಾಜುಳ್ಳ ಈ ಮಾದರಿಗಳು ದಿನಬಳಕೆಗೆಂದು ರೂಪುಗೊಂಡವು, ನೀರಿಗಿಳಿಯಲು ಅಲ್ಲ. 2016ರಲ್ಲಿ ಕೇಂದ್ರ ಸರ್ಕಾರವು ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಹಳೆಯ ಎಚ್‌ಎಂಟಿ ಗಡಿಯಾರಗಳು ಮಾತ್ರ ಅನೇಕ ಮನೆಗಳಲ್ಲಿ ಇಂದಿಗೂ ನಡೆಯುತ್ತಿವೆ.

ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಟೈಟಾನ್ ಸಂಸ್ಥೆಯು 1984ರಲ್ಲಿ ಸ್ಥಾಪನೆಯಾಯಿತು. ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ, ತಮಿಳುನಾಡಿನ ಹೊಸೂರಿನಲ್ಲಿ ಅದರ ಕಾರ್ಖಾನೆಯಿದೆ. 2002ರಲ್ಲಿ ಈ ಸಂಸ್ಥೆ ಬಿಡುಗಡೆ ಮಾಡಿದ ‘ಎಡ್ಜ್’ ಗಡಿಯಾರದ ಒಟ್ಟು ದಪ್ಪ 3.5 ಮಿಲಿಮೀಟರ್, ಅದರೊಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್. ಇಷ್ಟು ತೆಳುವಾದ ಕವಚದಲ್ಲಿ ಗಾಜು, ಕೀ ಮತ್ತು ಮುಚ್ಚಳಗಳಿಗೆ ರಬ್ಬರ್ ಉಂಗುರಗಳನ್ನು ಕೂರಿಸಲು ಬಹಳ ಕಡಿಮೆ ಸ್ಥಳವಿರುತ್ತದೆ. ಆದರೂ ಅದಕ್ಕೆ 30 ಮೀಟರ್ ದರ್ಜೆಯ ಜಲನಿರೋಧಕತೆಯನ್ನು ಒದಗಿಸಲಾಯಿತು.

ನೀರು ಒಳಹೋಗುವ ದಾರಿಗಳು

ಕೈಗಡಿಯಾರದ ಕವಚದಲ್ಲಿ ನೀರು ಪ್ರವೇಶಿಸಬಹುದಾದ ಸ್ಥಳಗಳು ಮುಖ್ಯವಾಗಿ ಮೂರು.

ಗಾಜಿನ ಅಂಚು: ಖನಿಜ ಗಾಜು ಮತ್ತು ನೀಲಮಣಿ ಗಾಜುಗಳನ್ನು ನೈಲಾನ್ ಅಥವಾ ರಬ್ಬರ್ ಉಂಗುರದ ಮೇಲೆ ಒತ್ತಿ ಕೂರಿಸಲಾಗುತ್ತದೆ. ಹಳೆಯ ಗಡಿಯಾರಗಳ ಅಕ್ರಿಲಿಕ್ ಗಾಜು ತನ್ನ ಬಿಗಿತದಿಂದಲೇ ಅಂಚನ್ನು ಮುಚ್ಚುತ್ತದೆ. ಅಕ್ರಿಲಿಕ್ ಬಿಸಿಗೆ ಹಿಗ್ಗುವ ಪ್ರಮಾಣವು ಉಕ್ಕಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಬಿಸಿಲು ಮತ್ತು ತಣ್ಣೀರಿಗೆ ಪದೇ ಪದೇ ಸಿಲುಕಿದಾಗ ಈ ಬಿಗಿತ ಸಡಿಲಗೊಳ್ಳುತ್ತದೆ.

ಕೀ: ಸಮಯ ತಿದ್ದಲು ಮತ್ತು ಕೀ ಕೊಡಲು ಬಳಸುವ ಈ ಗುಂಡಿಯ ದಂಡವು ಕವಚವನ್ನು ತೂರಿಕೊಂಡು ಒಳಗೆ ಹೋಗುತ್ತದೆ. ದಂಡದ ಸುತ್ತ ಇರುವ ಪುಟ್ಟ ಉಂಗುರವೇ ನೀರಿಗೆ ತಡೆ. ಕೈಯಿಂದ ಕೀ ಕೊಡುವ ಗಡಿಯಾರಗಳಲ್ಲಿ ಈ ಉಂಗುರವು ಪ್ರತಿದಿನ ಉಜ್ಜಿ ಸವೆಯುತ್ತದೆ. ಕೀಯನ್ನು ಹೊರಗೆಳೆದ ಸ್ಥಿತಿಯಲ್ಲಿ ಗಡಿಯಾರವು ಯಾವುದೇ ದರ್ಜೆಯದಾದರೂ ನೀರನ್ನು ತಡೆಯುತ್ತದೆಂದು ನಂಬುವಂತಿಲ್ಲ.

ಹಿಂಬದಿಯ ಮುಚ್ಚಳ: ಒತ್ತಿ ಮುಚ್ಚುವ ಮುಚ್ಚಳಗಳಿಗಿಂತ ತಿರುಪಿನ ಮುಚ್ಚಳಗಳು ಹೆಚ್ಚು ಭದ್ರ. ಸೆಲ್ಲಿನಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರಗಳಲ್ಲಿ ಕೀಯ ಬಳಕೆ ಅಪರೂಪ. ಆದರೆ ಸೆಲ್ ಬದಲಿಸುವಾಗಲೆಲ್ಲ ಮುಚ್ಚಳವನ್ನು ತೆರೆಯಬೇಕಾಗುತ್ತದೆ. ಹಳೆಯ ಉಂಗುರವನ್ನೇ ಮತ್ತೆ ಕೂರಿಸಿದರೆ, ಅದು ತಿರುಚಿಕೊಂಡರೆ, ಅಥವಾ ಅದರ ಮೇಲೆ ಒಂದು ಕೂದಲೆಳೆ ಸಿಕ್ಕಿಕೊಂಡರೂ ಅಲ್ಲಿಂದ ನೀರು ಒಳಸೇರುತ್ತದೆ.

ಉಂಗುರಗಳನ್ನು ನೈಟ್ರೈಲ್ ರಬ್ಬರ್, ಸಿಲಿಕೋನ್ ಅಥವಾ ಫ್ಲೋರೊ ರಬ್ಬರ್‌ನಿಂದ ತಯಾರಿಸಲಾಗುತ್ತದೆ. ಇವುಗಳಿಗೆ ಸಿಲಿಕೋನ್ ಗ್ರೀಸ್ ಸವರುವುದರಿಂದ ಸವೆತ ಕಡಿಮೆಯಾಗುತ್ತದೆ. ಸಾಬೂನು ನೀರು ಶುದ್ಧ ನೀರಿಗಿಂತ ಹೆಚ್ಚು ಅಪಾಯಕಾರಿ. ಸಾಬೂನು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುವುದರಿಂದ, ಶುದ್ಧ ನೀರು ಹೊಕ್ಕಲಾಗದ ಸಣ್ಣ ಬಿರುಕುಗಳಲ್ಲಿಯೂ ಅದು ಹರಿಯಬಲ್ಲದು.

ಒತ್ತಡದ ಲೆಕ್ಕ

ಗಡಿಯಾರ ಕಟ್ಟಿದ ಕೈಯನ್ನು ನೀರಿನಲ್ಲಿ 2 ಮೀಟರ್ ಆಳಕ್ಕೆ ಇಳಿಸಿದಾಗ ಅದರ ಮೇಲೆ ಬೀಳುವ ಹೆಚ್ಚುವರಿ ಒತ್ತಡ ಸುಮಾರು 0.2 ಬಾರ್. ಈಜುವಾಗ ಕೈಬೀಸುವ ವೇಗದಿಂದ ಒತ್ತಡವು ಹಲವು ಪಟ್ಟು ಹೆಚ್ಚುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಚಲನೆಯಿಂದ ಉಂಟಾಗುವ ಒತ್ತಡವು ನೀರಿನ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟಿರುತ್ತದೆ. ಕೈ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಚಲಿಸಿದರೆ ಹೆಚ್ಚುವ ಒತ್ತಡ 0.125 ಬಾರ್, ಅಂದರೆ ಒಂದೂಕಾಲು ಮೀಟರ್ ಆಳಕ್ಕೆ ಸಮ. 3 ಮೀಟರ್ ಎತ್ತರದ ಕಟ್ಟೆಯಿಂದ ನೀರಿಗೆ ಹಾರಿದರೆ ನೀರು ತಾಗುವ ವೇಗ ಸೆಕೆಂಡಿಗೆ 7.7 ಮೀಟರ್‌ನಷ್ಟು, ಅದರ ಒತ್ತಡ ಸುಮಾರು 0.3 ಬಾರ್. ಗಡಿಯಾರದ ಚಪ್ಪಟೆ ಮುಖವು ನೀರಿಗೆ ನೇರವಾಗಿ ಬಡಿದಾಗ ಕ್ಷಣಮಾತ್ರ ಇದಕ್ಕಿಂತ ಹೆಚ್ಚಿನ ಪೆಟ್ಟು ಬೀಳುತ್ತದೆ.

ಹೀಗಿದ್ದೂ 30 ಮೀಟರ್ ದರ್ಜೆಯ ಗಡಿಯಾರವನ್ನು ಈಜಲು ಬಳಸಬಾರದೆಂದು ಹೆಚ್ಚಿನ ತಯಾರಕರು ಸೂಚಿಸುತ್ತಾರೆ. ಪರೀಕ್ಷೆಯು ಹೊಸ ಗಡಿಯಾರದ ಮೇಲೆ, ಅಲುಗಾಡದ ಸ್ಥಿತಿಯಲ್ಲಿ, ಕೆಲವೇ ನಿಮಿಷಗಳ ಕಾಲ ನಡೆಯುತ್ತದೆ. ಬಳಕೆಯಲ್ಲಿ ಕೀಗೆ ಬೀಳುವ ಪಕ್ಕದ ಒತ್ತು, ಹಿಂದೆ ಬಿದ್ದು ಆದ ಪೆಟ್ಟು, ಸವೆದ ಉಂಗುರ ಮತ್ತು ಬಿಸಿ-ತಂಪಿನ ಬದಲಾವಣೆಗಳು ಒಟ್ಟುಗೂಡುತ್ತವೆ. ದರ್ಜೆಯ ಸಂಖ್ಯೆ ಮತ್ತು ವಾಸ್ತವ ಬಳಕೆಯ ನಡುವಿನ ಅಂತರವು ಇವೆಲ್ಲಕ್ಕಾಗಿ ಬಿಟ್ಟ ಸುರಕ್ಷತೆಯ ಅಂಚು.

ಮಾನದಂಡಗಳು ಮತ್ತು ಪರೀಕ್ಷೆಗಳು

ಸಾಮಾನ್ಯ ಜಲನಿರೋಧಕ ಗಡಿಯಾರಗಳಿಗೆ ಐಎಸ್‌ಒ 22810 ಮಾನದಂಡವು 2010ರಿಂದ ಅನ್ವಯವಾಗುತ್ತಿದೆ. ಅದಕ್ಕೂ ಮೊದಲು ಐಎಸ್‌ಒ 2281 ಜಾರಿಯಲ್ಲಿತ್ತು. ಹೊಸ ಮಾನದಂಡದ ಪರೀಕ್ಷೆಗಳಲ್ಲಿ ಇವು ಮುಖ್ಯವಾದವು:

- ಗಡಿಯಾರವನ್ನು 10 ಸೆಂಟಿಮೀಟರ್ ಆಳದ ನೀರಿನಲ್ಲಿ ಒಂದು ಗಂಟೆ ಇಡುವುದು.
- ಅದೇ ಆಳದಲ್ಲಿ ಕೀ ಮತ್ತು ಗುಂಡಿಗಳ ಮೇಲೆ 5 ನ್ಯೂಟನ್ ಬಲವನ್ನು 10 ನಿಮಿಷ ಹಾಕುವುದು.
- 40, 20 ಮತ್ತು ಮತ್ತೆ 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ ಐದೈದು ನಿಮಿಷ ಮುಳುಗಿಸುವುದು.
- ನಮೂದಿಸಿದ ಒತ್ತಡವನ್ನು 10 ನಿಮಿಷ ಹಾಕುವುದು.
- ಗಡಿಯಾರವನ್ನು 40ರಿಂದ 45 ಡಿಗ್ರಿಗೆ ಕಾಯಿಸಿ, ಗಾಜಿನ ಮೇಲೆ ತಣ್ಣೀರಿನ ಹನಿಯಿಟ್ಟು, ಒರೆಸಿದ ಮೇಲೆ ಒಳಮೈಯಲ್ಲಿ ಮಂಜು ಕಟ್ಟಿದೆಯೇ ಎಂದು ನೋಡುವುದು.

ಈ ಮಾನದಂಡದಡಿ ತಯಾರಕರು ಮಾದರಿ ಗಡಿಯಾರಗಳನ್ನು ಆಯ್ದು ಪರೀಕ್ಷಿಸಬಹುದು. ಮುಳುಗುಗಾರರ ಗಡಿಯಾರಗಳಿಗೆ ಅನ್ವಯಿಸುವ ಐಎಸ್‌ಒ 6425 ಇದಕ್ಕಿಂತ ಕಟ್ಟುನಿಟ್ಟಾದುದು. ಅದರ ಪ್ರಕಾರ ಪ್ರತಿಯೊಂದು ಗಡಿಯಾರವನ್ನೂ ನಮೂದಿಸಿದ ಒತ್ತಡದ ಶೇಕಡಾ 125ರಷ್ಟಕ್ಕೆ ಒಡ್ಡಬೇಕು. ಕನಿಷ್ಠ ದರ್ಜೆ 100 ಮೀಟರ್. ಉಪ್ಪುನೀರಿನ ಪರೀಕ್ಷೆ, ಕತ್ತಲೆಯಲ್ಲಿ ಸಮಯ ಓದುವ ಪರೀಕ್ಷೆ ಮತ್ತು ಬೆಲ್ಟಿನ ಜೋಡಣೆಯನ್ನು ಎಳೆದು ನೋಡುವ ಪರೀಕ್ಷೆಗಳೂ ಇದರಲ್ಲಿವೆ.

ದರ್ಜೆಗಳ ವ್ಯಾವಹಾರಿಕ ಅರ್ಥ ಸ್ಥೂಲವಾಗಿ ಹೀಗಿದೆ:

- ಆಳ ನಮೂದಿಸದೆ ‘ವಾಟರ್ ರೆಸಿಸ್ಟೆಂಟ್’ ಎಂದಷ್ಟೇ ಇರುವುದು, ಅಥವಾ 30 ಮೀಟರ್: ಬೆವರು, ತುಂತುರು ಮಳೆ, ಕೈತೊಳೆಯುವಾಗ ಸಿಡಿಯುವ ನೀರು.
- 50 ಮೀಟರ್: ನೀರಿನಲ್ಲಿ ಕೈಯಾಡಿಸುವ ಕೆಲಸ, ಸಾಧಾರಣ ಈಜು.
- 100 ಮೀಟರ್: ಈಜು, ನೀರಿಗೆ ಹಾರುವುದು, ಮೇಲ್ಮೈಯ ಸಮೀಪದ ಮುಳುಗಾಟ.
- 200 ಮೀಟರ್ ಮತ್ತು ಹೆಚ್ಚು, ಐಎಸ್‌ಒ 6425 ಪ್ರಕಾರ ಪರೀಕ್ಷೆಗೊಂಡವು: ಉಸಿರಾಟದ ಸಾಧನಗಳೊಂದಿಗೆ ಮುಳುಗುವುದು.

ಬಿಸಿಲು, ತಣ್ಣೀರು ಮತ್ತು ಮಂಜು

ಬಳ್ಳಾರಿ ಜಿಲ್ಲೆಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ನೇರ ಬಿಸಿಲಿಗೆ ಒಡ್ಡಿದ ಲೋಹದ ಕವಚವು ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ಪ್ರಯೋಗಾಲಯದಲ್ಲಿ ಗಡಿಯಾರವನ್ನು ಪರೀಕ್ಷಿಸಲು ಬಳಸುವ ಬಿಸಿ ಇಲ್ಲಿ ಬೇಸಿಗೆಯ ದಿನನಿತ್ಯದ ಸ್ಥಿತಿ.

45 ಡಿಗ್ರಿಗೆ ಕಾದ ಗಡಿಯಾರವನ್ನು 25 ಡಿಗ್ರಿಯ ನೀರಿನಲ್ಲಿ ಅದ್ದಿದಾಗ ಒಳಗಿನ ಗಾಳಿ ತಂಪಾಗಿ ಅದರ ಒತ್ತಡ ಶೇಕಡಾ 6ರಷ್ಟು ಕುಸಿಯುತ್ತದೆ. ಇದು ಸುಮಾರು 60 ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸಮನಾದ ಸೆಳೆತ. ಉಂಗುರಗಳು ಸರಿಯಿದ್ದರೆ ಈ ಸೆಳೆತ ನಗಣ್ಯ. ಉಂಗುರ ಬಿರಿದಿದ್ದರೆ, ಬರೀ ಮೇಲ್ಮೈಯಲ್ಲಿ ಕೈ ತೊಳೆದರೂ ಗಡಿಯಾರವು ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಆಳಕ್ಕಿಳಿಯದ ಗಡಿಯಾರದಲ್ಲಿಯೂ ನೀರು ಕಾಣಿಸಿಕೊಳ್ಳುವುದಕ್ಕೆ ಇದು ಒಂದು ಕಾರಣ.

ಗಾಜಿನ ಒಳಮೈಯಲ್ಲಿ ಕಾಣುವ ಮಂಜಿಗೆ ಬಹಳ ಕಡಿಮೆ ನೀರು ಸಾಕು. 30 ಡಿಗ್ರಿಯಲ್ಲಿ ತೇವದಿಂದ ತುಂಬಿದ ಒಂದು ಮಿಲಿಲೀಟರ್ ಗಾಳಿಯಲ್ಲಿರುವ ನೀರಾವಿಯ ತೂಕ ಸುಮಾರು 30 ಮೈಕ್ರೊಗ್ರಾಂ ಮಾತ್ರ. ಮಳೆಗಾಲದ ತೇವದಲ್ಲಿ ಮುಚ್ಚಳ ತೆರೆದು ಮುಚ್ಚಿದ ಗಡಿಯಾರದಲ್ಲಿ ತಂಪಾದಾಗ ತೆಳುವಾದ ಮಂಜು ಕಾಣಿಸಿ, ಬೇಗ ಮಾಯವಾಗಬಹುದು. ಮಂಜು ಗಂಟೆಗಟ್ಟಲೆ ಉಳಿದರೆ, ಮತ್ತೆ ಮತ್ತೆ ಮರಳಿದರೆ ಅಥವಾ ಹನಿಗಟ್ಟಿದರೆ ನೀರು ಹೊರಗಿನಿಂದ ಬಂದಿದೆಯೆಂದು ತಿಳಿಯಬೇಕು.

ಕುರುಗೋಡು–ಸಿರುಗುಪ್ಪ ಪ್ರದೇಶದ ಬಳಕೆ

ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದಿಂದ ಹೊರಡುವ ಬಲದಂಡೆಯ ಕಾಲುವೆಗಳು ಬಳ್ಳಾರಿ ಜಿಲ್ಲೆಯ ಬಯಲಿಗೆ ನೀರುಣಿಸುತ್ತವೆ. ಸಿರುಗುಪ್ಪ ಮತ್ತು ಕುರುಗೋಡು ಭಾಗಗಳಲ್ಲಿ ಭತ್ತ, ಹತ್ತಿ ಹಾಗೂ ಮೆಣಸಿನಕಾಯಿ ಬೆಳೆಗಳಿವೆ. ಭತ್ತದ ನಾಟಿ, ಬದು ಕಟ್ಟುವುದು, ಕಾಲುವೆಯ ತೂಬು ಸರಿಪಡಿಸುವುದು ಮುಂತಾದ ಕೆಲಸಗಳಲ್ಲಿ ಮಣಿಕಟ್ಟು ಮತ್ತೆ ಮತ್ತೆ ಕೆಸರು ನೀರಿನಲ್ಲಿ ಮುಳುಗುತ್ತದೆ.

ಗದ್ದೆಯ ನೀರು ಆಳವಿಲ್ಲದಿದ್ದರೂ ಗಡಿಯಾರಕ್ಕೆ ಮೂರು ಬಗೆಯ ಹಾನಿ ಮಾಡಬಲ್ಲದು. ಮೊದಲನೆಯದು ಮಣ್ಣು. ಕೆಸರು ಒಣಗಿದ ಮೇಲೆ ಉಳಿಯುವ ಕಣಗಳು ಕೀಯ ಸುತ್ತ ಸೇರಿಕೊಂಡು, ಕೀ ತಿರುಗಿಸುವಾಗ ಉಂಗುರವನ್ನು ಅರದಂತೆ ಸವೆಸುತ್ತವೆ. ಎರಡನೆಯದು ಉಪ್ಪಿನ ಅಂಶ. ಬೆವರಿನ ಉಪ್ಪು ಮತ್ತು ರಸಗೊಬ್ಬರದ ಲವಣಗಳು ಕವಚ ಹಾಗೂ ಚೈನಿನ ಸಂದುಗಳಲ್ಲಿ ಉಳಿದು ಲೋಹವನ್ನು ತಿನ್ನುತ್ತವೆ. ಮೂರನೆಯದು ಕೀಟನಾಶಕ. ಎಣ್ಣೆಯ ರೂಪದ ಕೀಟನಾಶಕಗಳಲ್ಲಿ ಬಳಸುವ ದ್ರಾವಕಗಳು ರಬ್ಬರನ್ನು ಉಬ್ಬಿಸಿ, ಅಕ್ರಿಲಿಕ್ ಗಾಜನ್ನು ಮಸುಕಾಗಿಸುತ್ತವೆ. ಔಷಧ ಸಿಂಪಡಿಸುವಾಗ ಗಡಿಯಾರವನ್ನು ಕಳಚಿಡುವುದು ಗಡಿಯಾರಕ್ಕೆ ಮಾತ್ರವಲ್ಲ, ಬೆಲ್ಟಿನಡಿ ಔಷಧ ಉಳಿದು ಚರ್ಮಕ್ಕೆ ಇಳಿಯದಂತೆ ತಡೆಯುವುದಕ್ಕೂ ಅಗತ್ಯ.

ಕಾಲುವೆಯಲ್ಲಿ ಬಿದ್ದ ಗಡಿಯಾರವು ಹರಿವು ಮತ್ತು ಕೆಸರಿನ ಕಾರಣದಿಂದ ಮತ್ತೆ ಸಿಗುವುದು ಕಷ್ಟ. ಆದ್ದರಿಂದ ಇಂತಹ ಬಳಕೆಯಲ್ಲಿ ಕವಚದ ದರ್ಜೆಯಷ್ಟೇ ಬೆಲ್ಟು ಮತ್ತು ಪಿನ್ನುಗಳ ಗಟ್ಟಿತನವೂ ಮುಖ್ಯ.

ಬೆಲ್ಟುಗಳು ಮತ್ತು ಚೈನುಗಳು

ಚರ್ಮ

ಚರ್ಮದ ಬೆಲ್ಟಿನ ಮೂಲದ್ರವ್ಯ ಕೊಲಾಜೆನ್ ಎಂಬ ನಾರು. ಇದು ನೀರನ್ನು ಹೀರಿ ಉಬ್ಬುತ್ತದೆ; ಒಣಗಿದಾಗ ಕುಗ್ಗಿ ಬಿರುಸಾಗುತ್ತದೆ. ಹದ ಮಾಡುವಾಗ ಸೇರಿಸಿದ ಎಣ್ಣೆ ಮತ್ತು ಬಣ್ಣ ನೀರಿನೊಂದಿಗೆ ಹೊರಹೋಗುತ್ತವೆ. ಪದರಗಳನ್ನು ಜೋಡಿಸಿದ ಅಂಟು ಸಡಿಲಗೊಂಡು ಬೆಲ್ಟು ಅಂಚಿನಲ್ಲಿ ಬಿಚ್ಚಿಕೊಳ್ಳುತ್ತದೆ. ಒದ್ದೆ ಚರ್ಮದಲ್ಲಿ ಬೆವರು ಸೇರಿದಾಗ ಬ್ಯಾಕ್ಟೀರಿಯಾಗಳು ಬೆಳೆದು ದುರ್ವಾಸನೆ ಬರುತ್ತದೆ. ಜಲನಿರೋಧಕ ಗಡಿಯಾರಕ್ಕೆ ಚರ್ಮದ ಬೆಲ್ಟು ಹಾಕಿದ್ದರೆ ಅದನ್ನು ನೀರಿಗೆ ಒಡ್ಡದಿರುವುದು ಸೂಕ್ತ. ಒದ್ದೆಯಾದ ಬೆಲ್ಟನ್ನು ಬಟ್ಟೆಯಿಂದ ಒತ್ತಿ, ನೆರಳಿನಲ್ಲಿ ಒಣಗಿಸಬೇಕು; ಬಿಸಿಲಿನಲ್ಲಿ ಒಣಗಿಸಿದರೆ ಬಿರಿಯುತ್ತದೆ.

ರಬ್ಬರ್, ಸಿಲಿಕೋನ್ ಮತ್ತು ಪ್ಲಾಸ್ಟಿಕ್

ಸಿಲಿಕೋನ್ ನೀರನ್ನು ಹೀರುವುದಿಲ್ಲ ಮತ್ತು ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಸಣ್ಣ ಗೀರು ಬಿದ್ದರೆ ಅಲ್ಲಿಂದಲೇ ಹರಿಯುತ್ತದೆ. ಫ್ಲೋರೊ ರಬ್ಬರ್ ಎಣ್ಣೆ ಮತ್ತು ಬಿಸಿಯನ್ನು ಹೆಚ್ಚು ತಾಳುತ್ತದೆ, ಬೆಲೆಯೂ ಹೆಚ್ಚು. ಪಾಲಿಯುರಿಥೇನ್ ಬೆಲ್ಟುಗಳು ಬಿಸಿ ಮತ್ತು ತೇವದಲ್ಲಿ ನೀರಿನೊಂದಿಗೆ ರಾಸಾಯನಿಕವಾಗಿ ವರ್ತಿಸಿ ಕೆಲವು ವರ್ಷಗಳಲ್ಲಿ ಅಂಟಂಟಾಗಿ ಅಥವಾ ಪುಡಿಪುಡಿಯಾಗಿ ತುಂಡಾಗುತ್ತವೆ. ಬಳಸದೆ ಪೆಟ್ಟಿಗೆಯಲ್ಲಿಟ್ಟ ಬೆಲ್ಟಿಗೂ ಹೀಗಾಗುತ್ತದೆ.

ನೈಲಾನ್

ನೈಲಾನ್ ಪಟ್ಟಿಗಳು ಬೇಗ ಒಣಗುತ್ತವೆ. ಬ್ರಿಟನ್ನಿನ ರಕ್ಷಣಾ ಸಚಿವಾಲಯವು 1973ರಲ್ಲಿ ನಿಗದಿಪಡಿಸಿದ, ‘ನೇಟೊ’ ಎಂದು ಹೆಸರಾದ ಪಟ್ಟಿಯು ಒಂದೇ ತುಂಡಿನದು. ಅದು ಎರಡೂ ಪಿನ್ನುಗಳ ಕೆಳಗೆ ಗಡಿಯಾರದ ಬೆನ್ನಿನ ಮೇಲಿಂದ ಹಾಯುತ್ತದೆ. ಎರಡು ತುಂಡಿನ ಬೆಲ್ಟಿನಲ್ಲಿ ಒಂದು ಪಿನ್ ಮುರಿದರೆ ಗಡಿಯಾರ ಬಿದ್ದುಹೋಗುತ್ತದೆ. ಈ ಪಟ್ಟಿಯಲ್ಲಿ ಒಂದು ಪಿನ್ ಮುರಿದರೂ ಇನ್ನೊಂದರ ಆಧಾರದಲ್ಲಿ ಗಡಿಯಾರ ಕೈಯಲ್ಲೇ ಉಳಿಯುತ್ತದೆ.

ಲೋಹದ ಚೈನು

ತುಕ್ಕು ಹಿಡಿಯದ ಉಕ್ಕು ನೀರಿಗೆ ಸೂಕ್ತ. 316ಎಲ್ ದರ್ಜೆಯ ಉಕ್ಕಿನಲ್ಲಿರುವ ಮಾಲಿಬ್ಡಿನಂ ಅಂಶವು ಉಪ್ಪಿನಿಂದಾಗುವ ಗುಳಿಗಳನ್ನು 304 ದರ್ಜೆಗಿಂತ ಚೆನ್ನಾಗಿ ತಡೆಯುತ್ತದೆ. ಹಿತ್ತಾಳೆಯ ಮೇಲೆ ಕ್ರೋಮಿಯಂ ಲೇಪಿಸಿದ ಕವಚ ಮತ್ತು ಚೈನುಗಳಲ್ಲಿ ಲೇಪ ಸವೆದ ಕಡೆ ಹಸಿರು ಕಿಲುಬು ಕಾಣಿಸಿಕೊಳ್ಳುತ್ತದೆ. ಬ್ಲೀಚಿಂಗ್ ದ್ರಾವಣವು ಒಳ್ಳೆಯ ಉಕ್ಕನ್ನೂ ತಿನ್ನಬಲ್ಲದು. ಬಟ್ಟೆ ತೊಳೆಯುವ ಘಟಕಗಳಲ್ಲಿ ಮತ್ತು ಶುಚಿಗೊಳಿಸುವ ಕೆಲಸಗಳಲ್ಲಿ ಚೈನು ಧರಿಸದಿರುವುದು ಉತ್ತಮ.

ಪಿನ್ನುಗಳು

ಬೆಲ್ಟನ್ನು ಕವಚಕ್ಕೆ ಜೋಡಿಸುವ ಸ್ಪ್ರಿಂಗ್ ಪಿನ್ ಗಡಿಯಾರದ ಅತ್ಯಂತ ಅಗ್ಗದ ಭಾಗಗಳಲ್ಲಿ ಒಂದು. ಅದು ಮುರಿದರೆ ಇಡೀ ಗಡಿಯಾರ ಕೈತಪ್ಪುತ್ತದೆ. ಟೊಳ್ಳಾದ ಕೊಳವೆಯೊಳಗೆ ಸಣ್ಣ ಸ್ಪ್ರಿಂಗ್ ಇರುವುದರಿಂದ ಒಳಸೇರಿದ ನೀರು ಬೇಗ ಆರುವುದಿಲ್ಲ. ತುಕ್ಕು ಹಿಡಿದ, ಬಾಗಿದ ಅಥವಾ ತುದಿ ಒಳಸರಿದು ಹೊರಬಾರದ ಪಿನ್ನನ್ನು ಕೂಡಲೇ ಬದಲಿಸಬೇಕು. ಬೆಲ್ಟು ಬದಲಿಸುವಾಗಲೆಲ್ಲ ಪಿನ್ನುಗಳನ್ನೂ ಬದಲಿಸುವುದು ಒಳ್ಳೆಯ ಪದ್ಧತಿ.

ಚರ್ಮದ ಆರೋಗ್ಯ

ಒದ್ದೆ ಬೆಲ್ಟಿನಡಿ ಮಣಿಕಟ್ಟಿನ ಚರ್ಮ ಮೆತ್ತಗಾಗಿ, ಘರ್ಷಣೆಯಿಂದ ಕೆಂಪಾಗಿ ತುರಿಸುತ್ತದೆ. ಸಾಬೂನಿನ ಶೇಷ ಉಳಿದರೆ ಉರಿ ಹೆಚ್ಚುತ್ತದೆ. ಇದು ಬಹುತೇಕ ತೇವ ಮತ್ತು ಬಿಗಿತದಿಂದಾಗುವ ಕೆರಳಿಕೆ. ಗಡಿಯಾರ ಕಳಚಿ ಚರ್ಮವನ್ನು ಒಣಗಿಸಿದರೆ ಶಮನವಾಗುತ್ತದೆ. ಕೆಲವರಲ್ಲಿ ಅಲರ್ಜಿಯೂ ಉಂಟಾಗುತ್ತದೆ. ಬಕಲ್ ಮತ್ತು ಹಿಂಬದಿ ಮುಚ್ಚಳದ ನಿಕಲ್, ಚರ್ಮ ಹದ ಮಾಡಲು ಬಳಸಿದ ಕ್ರೋಮಿಯಂ ಹಾಗೂ ರಬ್ಬರಿಗೆ ಸೇರಿಸಿದ ರಾಸಾಯನಿಕಗಳು ಇದಕ್ಕೆ ಕಾರಣಗಳು. ಬೆವರು ಈ ವಸ್ತುಗಳನ್ನು ಕರಗಿಸಿ ಚರ್ಮಕ್ಕೆ ತಲುಪಿಸುವುದರಿಂದ ಬೇಸಿಗೆಯಲ್ಲಿ ತೊಂದರೆ ಹೆಚ್ಚು. ತುರಿಕೆಯು ಬೆಲ್ಟಿನ ಆಕಾರದಲ್ಲೇ ಮರುಕಳಿಸಿದರೆ ಬೆಲ್ಟಿನ ವಸ್ತುವನ್ನು ಬದಲಿಸಿ, ಚರ್ಮರೋಗ ತಜ್ಞರನ್ನು ಕಾಣಬೇಕು.

ಸ್ಮಾರ್ಟ್‌ವಾಚುಗಳು

ಸ್ಮಾರ್ಟ್‌ವಾಚುಗಳ ಮೇಲೆ 5 ಎಟಿಎಂ ಅಥವಾ ಐಪಿ68 ಎಂಬ ಗುರುತುಗಳಿರುತ್ತವೆ. ಇವೆರಡೂ ಒಂದೇ ಅಲ್ಲ. ಐಪಿ ಗುರುತಿನ ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದೆ. 8 ಎಂಬುದು ತಯಾರಕರು ಹೇಳಿದ ಆಳ ಮತ್ತು ಅವಧಿಯವರೆಗೆ ಮುಳುಗಡೆಯನ್ನು ತಾಳುತ್ತದೆ ಎಂದು ಸೂಚಿಸುತ್ತದೆ. ಪರೀಕ್ಷೆ ಶುದ್ಧ ನೀರಿನಲ್ಲಿ ನಡೆಯುವುದರಿಂದ ಸಾಬೂನು ಅಥವಾ ಉಪ್ಪುನೀರಿಗೆ ಅದು ಭರವಸೆಯಲ್ಲ. ಒದ್ದೆಯಾದ ವಾಚನ್ನು ಚಾರ್ಜಿಗೆ ಹಾಕಿದರೆ ವಿದ್ಯುತ್ ಸಂಪರ್ಕದ ಬಿಂದುಗಳು ಬೇಗ ಕೊರೆದುಹೋಗುತ್ತವೆ.

ನೀರು ಹೊಕ್ಕಾಗ

ಗಡಿಯಾರದೊಳಗೆ ನೀರು ಕಂಡರೆ ತಡಮಾಡದೆ ರಿಪೇರಿ ಮಾಡುವವರಲ್ಲಿ ಮುಚ್ಚಳ ತೆಗೆಸಿ ಒಣಗಿಸಬೇಕು. ಯಾಂತ್ರಿಕ ಗಡಿಯಾರಗಳಲ್ಲಿ ಕೀಯ ದಂಡ ಮತ್ತು ಸೂಕ್ಷ್ಮ ಉಕ್ಕಿನ ಭಾಗಗಳು ಬೇಗ ತುಕ್ಕು ಹಿಡಿಯುತ್ತವೆ. ತುಕ್ಕಿನ ಪುಡಿ ಎಣ್ಣೆಯಲ್ಲಿ ಸೇರಿ ಉಳಿದ ಭಾಗಗಳನ್ನೂ ಸವೆಸುತ್ತದೆ. ಕ್ವಾರ್ಟ್ಜ್ ಗಡಿಯಾರವಾದರೆ ಮೊದಲು ಸೆಲ್ ತೆಗೆಯಬೇಕು.

ಒದ್ದೆಯಾದ ಗಡಿಯಾರವನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವುದು ಪ್ರಚಲಿತ ಮನೆಮದ್ದು. ಸಂಗ್ರಹಿಸಿಟ್ಟ ಅಕ್ಕಿಯಲ್ಲಿಯೇ ಶೇಕಡಾ 12ರಿಂದ 14ರಷ್ಟು ತೇವವಿರುತ್ತದೆ. ಮುಚ್ಚಿದ ಕವಚದೊಳಗಿನ ನೀರನ್ನು ಅದು ಸೆಳೆಯಲಾರದು. ಈ ವಿಧಾನದಲ್ಲಿ ಕಳೆದುಹೋಗುವ ಒಂದೆರಡು ದಿನಗಳಲ್ಲಿಯೇ ತುಕ್ಕು ಆರಂಭವಾಗುತ್ತದೆ. ಬಿಸಿಲಿನಲ್ಲಿಡುವುದು ಮತ್ತು ಒಲೆಯ ಬಳಿ ಕಾಯಿಸುವುದರಿಂದ ನೀರು ಆವಿಯಾಗಿ ಯಂತ್ರದ ಎಲ್ಲ ಭಾಗಗಳಿಗೂ ಹರಡುತ್ತದೆ.

ನಿರ್ವಹಣೆ

- ನೀರಿಗೆ ಕೈಹಾಕುವ ಮೊದಲು ಕೀ ಪೂರ್ತಿ ಒಳಗಿದೆಯೇ, ತಿರುಪಿನ ಕೀಯಾದರೆ ಬಿಗಿಯಾಗಿದೆಯೇ ಎಂದು ನೋಡಬೇಕು. ನೀರಿನೊಳಗೆ ಕೀ ಮತ್ತು ಗುಂಡಿಗಳನ್ನು ಮುಟ್ಟಬಾರದು.
- ಬಿಸಿಲಿನಲ್ಲಿ ಕಾದ ಗಡಿಯಾರವನ್ನು ನೆರಳಿನಲ್ಲಿ ತಣಿಸಿದ ಮೇಲೆಯೇ ನೀರಿಗೆ ಒಡ್ಡಬೇಕು.
- ಬಿಸಿನೀರಿನ ಸ್ನಾನಕ್ಕೆ ಮೊದಲು ಗಡಿಯಾರವನ್ನು ಕಳಚಿಡಬೇಕು.
- ಕೆಸರು ಅಥವಾ ಬೆವರು ತಾಗಿದ ಜಲನಿರೋಧಕ ಗಡಿಯಾರವನ್ನು ಶುದ್ಧ ನೀರಿನಿಂದ ತೊಳೆದು ಒರೆಸಬೇಕು. ಜಲನಿರೋಧಕತೆಯ ಗುರುತಿಲ್ಲದ ಗಡಿಯಾರವನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಮಾತ್ರ ಒರೆಸಬೇಕು.
- ಸೆಲ್ ಬದಲಿಸುವಾಗ ಮುಚ್ಚಳದ ಉಂಗುರವನ್ನೂ ಬದಲಿಸಿ, ಸಾಧ್ಯವಿದ್ದಲ್ಲಿ ಗಾಳಿಯ ಒತ್ತಡದ ಪರೀಕ್ಷೆ ಮಾಡಿಸಬೇಕು.
- ಗಾಜು ಬಿರಿದ, ಬಿದ್ದು ಪೆಟ್ಟಾದ ಅಥವಾ ಹಲವು ವರ್ಷಗಳಿಂದ ಉಂಗುರ ಬದಲಿಸದ ಗಡಿಯಾರವನ್ನು, ಡಯಲ್‌ನ ಮೇಲೆ ಯಾವ ಸಂಖ್ಯೆಯಿದ್ದರೂ, ಜಲನಿರೋಧಕವಲ್ಲವೆಂದೇ ಪರಿಗಣಿಸಬೇಕು.

ಇವನ್ನೂ ನೋಡಿ

- ಕೈಗಡಿಯಾರ
- ಎಚ್‌ಎಂಟಿ
- ಟೈಟಾನ್
- ತುಂಗಭದ್ರಾ ಅಣೆಕಟ್ಟು
- ಕುರುಗೋಡು